ಕೋಟಿನವನ ಫ್ರಿಜ್ಜು

ಸಂಜೆ ಏಳೂವರೆಯಾಯಿತೆಂದರೆ ಸಿದ್ದಕ್ಕ ಯಾರ ಮಾತಿಗೂ ಸಿಗುವವಳಲ್ಲ. ಹಿತ್ತಲಿಗೆ ಹಾವು ಬಂದಿದೆ ಎಂದು ಕೂಗಿದರೂ "ಅಡ್ವಟೈಸ್ ಬರ್ಲಿ, ತಡಿ" ಎನ್ನುವ ಹೆಂಗಸು. ರನ್ನ ಬೆಳಗಲಿಯ ಅವರ ಮನೆಯಲ್ಲಿ ಹಿಂದೆ ಕುರಿದೊಡ್ಡಿ, ಮುಂದೆ ಪಡಸಾಲೆ, ಪಡಸಾಲೆಯ ಗೋಡೆಗೆ ಮಗ ಗುರುಪಾದ ತಂದು ಹಾಕಿದ ದೊಡ್ಡ ಟೀವಿ. ಅದರೆದುರು ಕಂಬಳಿ ಹಾಸಿ, ಮೊರದ ತುಂಬ ಶೇಂಗಾ ಇಟ್ಟುಕೊಂಡು ಸುಲಿಯುತ್ತ ಕುಳಿತಳೆಂದರೆ ಟೀವಿಯೊಳಗಿನವರಿಗೆ ಆ ಹೊತ್ತು ಉಳಿಗಾಲವಿರಲಿಲ್ಲ.

ಧಾರಾವಾಹಿಯವರ ಉದ್ದುದ್ದ ಹೆಸರುಗಳು ಅವಳ ನಾಲಿಗೆಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ತಾನೇ ಹೆಸರಿಟ್ಟಿದ್ದಳು. ಗಂಡ ಕೋಟಿನವ. ಅವನ ಹೆಂಡತಿ ಅಳಬುರುಕಿ. ಅವನು ಹೊರಗೆ ಇಟ್ಟುಕೊಂಡವಳು ಕೂದಲ ಬಿಟ್ಟಾಕಿ. ಕೋಟಿನವ ಸುಳ್ಳು ಹೇಳಿ ಮನೆ ಬಿಡುವುದು, ಅಳಬುರುಕಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದು, ಇಷ್ಟರಲ್ಲೇ ಎಂಟು ತಿಂಗಳು ಕಳೆದಿದ್ದವು.

"ಏ ಅಳಬುರುಕಿ, ಅಂವಗ ಚಾ ಕೊಡಾಕ ಹೊಂಟೀಯೇನ? ಮಾರಿ ಮ್ಯಾಲ ಚೆಲ್ಲ ಅದನ್ನ!"

"ಅಕಿಗಿ ಕೇಳಸಾಂಗಿಲ್ಲ ಬೇ ಸಿದ್ದಕ್ಕ," ಎಂದು ಟೀವಿ ನೋಡಲು ಬಂದ ಪಕ್ಕದ ಮನೆಯ ಶಿವವ್ವ ನಗುತ್ತಿದ್ದಳು.

"ಕೇಳಸ್ತೈತಿ. ಕೇಳಸಿದ್ರೂ ಕೇಳಸದಂಗ ನಿಂದರ್ತಾಳ. ಅದಕ್ಕ ಅಂವಗ ಇಷ್ಟ ಸೊಕ್ಕ."

ಈ ಬೈಗುಳವೆಲ್ಲ ನಾಲ್ಕು ಗೋಡೆಗಳ ನಡುವೆಯೇ ಉಳಿಯಬೇಕಿತ್ತು. ಉಳಿಯಲಿಲ್ಲ, ಏಕೆಂದರೆ ಆ ಮನೆಯಲ್ಲಿ ಪೂನಮ್ ಎಂಬ ಸೊಸೆ ಇದ್ದಳು. ಮಹಾಲಿಂಗಪುರದ ಕಾಲೇಜಿನಲ್ಲಿ ಓದಿದ ಹುಡುಗಿ, ಕೈಯಲ್ಲಿ ಯಾವಾಗಲೂ ಫೋನು. ಒಂದು ದಿನ ಬಾಗಿಲ ಮರೆಯಿಂದ ಅತ್ತೆಯ ಮುಖವನ್ನಷ್ಟೇ ಹಿಡಿದು ರೀಲ್ ಮಾಡಿ ಬಿಟ್ಟಳು. ಬೆಳಗಾಗುವಷ್ಟರಲ್ಲಿ ಅದನ್ನು ನಲವತ್ತು ಸಾವಿರ ಜನ ನೋಡಿದ್ದರು. ಅಂಜುತ್ತಲೇ ಅತ್ತೆಗೆ ತೋರಿಸಿದಳು.

ಸಿದ್ದಕ್ಕ ಫೋನನ್ನು ದೂರ ಹಿಡಿದು ನೋಡಿದಳು. "ನನ್ನ ಮೂಗ ಇಷ್ಟ ದೊಡ್ಡದೈತೇನ?"

"ಹೌದ್ರಿ ಅತ್ತಿ."

"ಹಂಗಾದ್ರ ಇರ್ಲಿ ಬಿಡ. ನಮ್ಮಪ್ಪನ ಮೂಗದು."

ಅಷ್ಟಕ್ಕೇ ಒಪ್ಪಿಗೆ ಸಿಕ್ಕಂತಾಯಿತು. ಅಂದಿನಿಂದ ವಾರಕ್ಕೆ ಮೂರು ರೀಲ್ ಹೋಗತೊಡಗಿದವು. ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಳೆ ಮಾರುವವಳು "ಯಕ್ಕಾ, ನೀ ಕೋಟಿನವಗ ಬೈಯಾಕಿ ಅಲ್ಲೇನ?" ಎಂದು ಕೈ ಹಿಡಿದು ನಿಲ್ಲಿಸಿ, ಒಂದು ಡಜನ್ ಬಳೆ ಪುಕ್ಕಟೆ ಏರಿಸಿ ಕಳಿಸಿದ್ದಳು. ಸಿದ್ದಕ್ಕನಿಗೆ ಒಳಗೊಳಗೇ ಹಿಗ್ಗು. ಹಿಗ್ಗಿದ್ದು ಗೊತ್ತಾಗಬಾರದೆಂದು ಮನೆಗೆ ಬಂದು ಎಲ್ಲರನ್ನೂ ಬೈದಳು.

ಗುರುಪಾದನಿಗೆ ಮಾತ್ರ ಇದು ಹಿಡಿಸಲಿಲ್ಲ. ಹಾಲಿನ ಡೇರಿಗೆ ಹೋದರೆ ಹುಡುಗರು "ಮಾರಿ ಮ್ಯಾಲ ಚೆಲ್ಲ ಅದನ್ನ" ಎಂದು ಅವನ ತಾಯಿಯ ದನಿ ತೆಗೆದು ನಗುತ್ತಿದ್ದರು. ಊಟಕ್ಕೆ ಕುಳಿತಾಗ ತಾಟನ್ನು ಸರಿಸಿ ಹೇಳಿದ.

"ಯವ್ವಾ, ಸಾಕ ಮಾಡ ಇದನ್ನ. ಮಂದಿ ನಗಾಕತ್ತಾರ."

"ನಗ್ಲಿ. ಅಳಸಿಲ್ಲಲ್ಲ ನಾ ಯಾರನ್ನೂ?"

"ಮಂದಿ ಗಂಡ ಹೆಂಡ್ತಿ ಜಗಳಾ ನಿನಗ್ಯಾಕ?"

"ನಮ್ಮ ಮನಿ ಗ್ವಾಡಿ ಮ್ಯಾಲ ಬಂದ ಜಗಳಾ ಮಾಡ್ತಾರ, ನಾ ಸುಮ್ಮ ಕುಂದರ್ಲೇನು? ಅಷ್ಟ ನಾಚಿಕಿ ಬಂದ್ರ ಟೀವಿ ಯಾಕ ತಂದಿ?"

ಅವಳ ಗಂಡ ಗಿರಮಲ್ಲಪ್ಪ ಕೆಳಗೆ ನೋಡುತ್ತ ರೊಟ್ಟಿ ಮುರಿದ. ಹಗಲೆಲ್ಲ ಕುರಿಗಳ ಜತೆ ಇದ್ದು ಬರುವ ಮನುಷ್ಯ, ಮಾತು ಕಡಿಮೆ. ಅವನಿಗೆ ಹೆಂಡತಿಯ ರೀಲುಗಳು ಇಷ್ಟವಾಗಿದ್ದವು, ಆದರೆ ಮಗನೆದುರು ಒಪ್ಪಿಕೊಳ್ಳುವಷ್ಟು ಧೈರ್ಯವಿರಲಿಲ್ಲ.

ಇನ್ನು ಪೂನಮ್ ತನ್ನ ಫೋನಿನಲ್ಲಿ ನೋಡುವ ಹಿಂದಿ ಕಾರ್ಯಕ್ರಮದ್ದೇ ಬೇರೆ ಕಥೆ. ಹತ್ತು ಹನ್ನೆರಡು ಹುಡುಗ ಹುಡುಗಿಯರನ್ನು ಸಮುದ್ರದ ದಂಡೆಯ ಬಂಗಲೆಯಲ್ಲಿ ಕೂಡಿ ಹಾಕಿ, ವಾರಕ್ಕೊಮ್ಮೆ ಬೇಕಾದವರನ್ನು ಆರಿಸಿಕೊಳ್ಳಿ, ಬೇಡಾದವರನ್ನು ಬಿಡಿ ಎಂದು ಹೇಳುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಅದರ ಸುತ್ತ ತಲೆ ಹಾಕಿದರು. ಪೂನಮ್ ಹಿಂದಿಯನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು.

"ಸಂತ್ಯಾಗ ಟಗರಿನ ಹಲ್ಲ ನೋಡಿದಂಗ ನೋಡ್ತಾರಲ್ಲ," ಎಂದ ಗಿರಮಲ್ಲಪ್ಪ.

"ಅವರು ಒಬ್ಬರಿಗೊಬ್ಬರು ನೋಡ್ತಾರ. ನೀವು ನನ್ನ ನೋಡಾಕ ಬಂದಾಗ ನಾ ನಿಮ್ಮ ಹಲ್ಲ ನೋಡಿದ್ನೇನ್ರಿ?" ಎಂದಳು ಸಿದ್ದಕ್ಕ.

"ನೋಡಿದ್ರ ಬ್ಯಾಡ ಅಂತಿದ್ದಿ ಬಿಡ."

ಅಷ್ಟರಲ್ಲಿ ಫೋನಿನೊಳಗಿನ ಒಬ್ಬ ಹುಡುಗಿ ತನ್ನ ಜೋಡಿಯ ಎದುರು ನಿಂತು, ನೀನು ನನಗೆ ಸುಳ್ಳು ಹೇಳಿದೆ, ನನ್ನ ದಾರಿ ನನಗೆ ಎಂದು ಪೆಟ್ಟಿಗೆ ಎಳೆದುಕೊಂಡು ಹೊರಟೇಬಿಟ್ಟಳು. ಶಿವವ್ವ ಬಾಯಿಗೆ ಸೆರಗು ಹಿಡಿದಳು. ಸಿದ್ದಕ್ಕ ತೊಡೆ ತಟ್ಟಿದಳು.

"ಇಕಿ ನೋಡ ಹುಡಿಗಿ! ಅರಬಿ ಒಂದೀಟ ತುಂಡ ಅದಾವ, ಆದ್ರ ಬೆನ್ನ ನೆಟ್ಟಗೈತಿ. ನಮ್ಮ ಅಳಬುರುಕಿಗಿ ಕಾಲ ಮುಚ್ಚೂ ಸೀರಿ ಐತಿ, ಬೆನ್ನಽ ಇಲ್ಲ."

ಎಲ್ಲರೂ ನಕ್ಕರು. ಕಂಬಕ್ಕೆ ಒರಗಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಮಾಲಾ ನಗಲಿಲ್ಲ.

ಮಾಲಾ ಸಿದ್ದಕ್ಕನ ಒಬ್ಬಳೇ ಮಗಳು. ನಾಲ್ಕು ವರ್ಷದ ಹಿಂದೆ ಚಿಕ್ಕಪಡಸಲಗಿಗೆ ಕೊಟ್ಟಿದ್ದರು. ಅಳಿಯ ಪರಮಾನಂದನಿಗೆ ಜಮಖಂಡಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ, ಹೊಳೆದಂಡೆಯಲ್ಲಿ ಕಬ್ಬಿನ ಹೊಲ. ಊರೆಲ್ಲ ಹೊಟ್ಟೆ ಉರಿದುಕೊಂಡ ಸಂಬಂಧ. ಈ ವರ್ಷ ಪಂಚಮಿಗೆ ತವರಿಗೆ ಬಂದವಳು, ಹಬ್ಬದ ಉಂಡಿ ತೀರಿ, ಜೋಕಾಲಿ ಬಿಚ್ಚಿ, ಗಣಪ್ಪ ಬಂದು ಹೋದರೂ ಹಿಂದಿರುಗುವ ಮಾತೆತ್ತಿರಲಿಲ್ಲ. ಕಸ ಗುಡಿಸುವಳು, ಕುರಿಮರಿಗಳಿಗೆ ಹಾಲು ಕುಡಿಸುವಳು, ಹೇಳಿದ್ದಕ್ಕಿಂತ ಹೆಚ್ಚೇ ದುಡಿಯುವಳು. ಕೇಳಿದ್ದಕ್ಕಷ್ಟೇ ಉತ್ತರ. ಸಿದ್ದಕ್ಕನಿಗೆ ಇದು ಸಿಟ್ಟು ತರಿಸುತ್ತಿತ್ತು. ಅವಳಿಗೆ ಮಾತಾಡುವವರು ಬೇಕು, ಜಗಳಾಡುವವರಾದರೂ ಆದೀತು.

ಒಂದು ಬೆಳಿಗ್ಗೆ ಮಾಲಾ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಸಿದ್ದಕ್ಕ ಮತ್ತೆ ಕೇಳಿದಳು.

"ಗಣಪ್ಪ ಹೋಗಿ ವಾರಾತು. ನಿನ್ನ ಗಂಡ ಯಾಕ ಕರಿಯಾಕ ಬರವಲ್ಲ?"

"ಅಂಗಡ್ಯಾಗ ಕೆಲಸಂತ."

"ನಿಮ್ಮತ್ತಿ ಕೂಸಿನ ಮಾತ ತಗದ್ಲೇನ?"

"ಇಲ್ಲ."

"ಗಂಡ ಬಡದ್ನೇನ?"

"ಇಲ್ಲ ಬೇ."

"ಬಡದಿಲ್ಲ, ಬೈದಿಲ್ಲ. ಮತ್ತ ಇಲ್ಲೇನ ಬೇರ ಬಿಡಾಕತ್ತೀ? ಮಂದಿ ಕೇಳಾಕತ್ತಾರ. ನನ್ನ ಕಡಿಂದ ಸುಳ್ಳ ಹೇಳಾಕ ಆಗಾಂಗಿಲ್ಲ. ಸೋಮಾರ ನಿಮ್ಮಣ್ಣ ಬಿಟ್ಟ ಬರ್ತಾನ."

ಮಾಲಾ ಹಿಟ್ಟಿನ ಮೇಲೆ ಕೈ ಜೋರಾಗಿ ಬಡಿದಳು. ರೊಟ್ಟಿ ಹರಿಯಿತು. ಮತ್ತೆ ಮುದ್ದೆ ಮಾಡಿ ಮೊದಲಿನಿಂದ ಬಡಿಯತೊಡಗಿದಳು. ಸೋಮವಾರ ಬಂದಾಗ ಅವಳಿಗೆ ಜ್ವರ. ಮುಂದಿನ ಸೋಮವಾರ ಅಮಾವಾಸ್ಯೆ ಹತ್ತಿರವೆಂಬ ನೆಪ. ಮೂರನೇ ಸೋಮವಾರಕ್ಕೆ ಯಾವ ನೆಪವೂ ನಡೆಯದೆಂದು ಸಿದ್ದಕ್ಕ ಖಡಾಖಂಡಿತ ಹೇಳಿದ್ದಳು.

ಆ ಮೂರನೇ ಸೋಮವಾರ ಬರುವ ಮೊದಲೇ ಕೋಟಿನವ ಫ್ರಿಜ್ಜು ತಂದ.

ಹೆಂಡತಿಗೆ ಮೀಟಿಂಗ್ ಇದೆ ಎಂದು ಹೇಳಿ ಹೊರಟವನು, ಕೆಂಪು ರಿಬ್ಬನ್ ಕಟ್ಟಿದ ಎರಡು ಬಾಗಿಲಿನ ಫ್ರಿಜ್ಜನ್ನು ಕೂದಲ ಬಿಟ್ಟಾಕಿಯ ಮನೆಯಲ್ಲಿ ಇಳಿಸಿದ. ಅವಳು ಚಪ್ಪಾಳೆ ತಟ್ಟಿ ಅವನ ಕೊರಳಿಗೆ ಬಿದ್ದಳು. ಸಿದ್ದಕ್ಕನ ಮೊರದಲ್ಲಿದ್ದ ಶೇಂಗಾ ನೆಲಕ್ಕೆ ಚೆಲ್ಲಿದವು.

"ಮೀಟಿಂಗಂತ ಮೀಟಿಂಗು! ಯಾರ ಕೂಡ ಮೀಟಿಂಗೋ ಭಾಡ್ಯಾ, ಫ್ರಿಜ್ಜಿನ ಕೂಡೇನು? ಕಟಗೊಂಡಾಕಿ ಗಡಿಗಿ ನೀರ ಕುಡೀಬೇಕು, ಇಟಗೊಂಡಾಕಿಗಿ ತಂಪ ನೀರು! ಮತ್ತ ಇವನ ಅಪ್ಪಗೊಂದ ಮಾತ ಕೇಳ್ತೇನಿ. ಮುದುಕಾ, ನಿನಗೆಲ್ಲಾ ಗೊತ್ತೈತಿ. ಗೊತ್ತಿದ್ದೂ ಬಾಯಾಗ ನೀರ ಹಾಕ್ಕೊಂಡ ಕುಂತೀದಿ. ಹೆಂತಾ ಮಗನ್ನ ಹಡದೀಯೋ? ಅವನ ಕೋಟ ಹಿಡದ ಹೊರಗ ಒಗಿ!"

ಪೂನಮ್ ಒಂದಕ್ಷರ ಬಿಡದೆ ಹಿಡಿದಳು. ಮಾಲಾ ಎದ್ದು ದೊಡ್ಡಿಯ ಕಡೆ ಹೋದದ್ದು ಸಿದ್ದಕ್ಕನಿಗೆ ಕಂಡಿತು. ಮರಿ ಅರಚಿತೇನೋ ಅಂದುಕೊಂಡು ಮತ್ತೆ ಟೀವಿಗೆ ತಿರುಗಿದಳು.

ಆ ರೀಲ್ ಹಿಂದಿನವನ್ನೆಲ್ಲ ಮೀರಿಸಿತು. ಬನಹಟ್ಟಿಯ ಮಗ್ಗದ ಮನೆಗಳಲ್ಲಿ, ಬೀಳಗಿಯ ಬಸ್ಸಿನಲ್ಲಿ, ಎಲ್ಲ ಕಡೆ "ಯಾರ ಕೂಡ ಮೀಟಿಂಗೋ" ಎಂಬುದೇ ಮಾತಾಯಿತು. ನಾಲ್ಕನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಬೀಗ ಚನಮಲ್ಲಪ್ಪ, ಅಂದರೆ ಮಾಲಾಳ ಮಾವ, ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದ. ಸಿದ್ದಕ್ಕ ಒಬ್ಬಳೇ ಅಂಗಳದಲ್ಲಿದ್ದಳು. ಮಗಳನ್ನು ಕರೆಯಲು ಬಂದರೆಂದು ಸಂತೋಷದಿಂದ ತಂಬಿಗೆ ತಂದಳು.

"ಬರ್ರಿ ಬೀಗರ, ಕಾಲ ತೊಳಕೋರಿ."

"ನೀರ ಬ್ಯಾಡ. ಮೊದಲ ಆ ವಿಡಿಯೋ ತಗಸ." ಸಿಟ್ಟಿನಲ್ಲಿ ‘ರೀ’ ಎಲ್ಲೋ ದಾರಿಯಲ್ಲೇ ಬಿದ್ದುಹೋಗಿತ್ತು.

"ಯಾವ ವಿಡಿಯೋರಿ?"

"ಏನೂ ಗೊತ್ತಿಲ್ಲದಾಕಿಗತೆ ಕೇಳಬ್ಯಾಡ. ನಾಕೂ ತಾಲೂಕಿನ ಮಂದಿ ನೋಡ್ಯಾರ. ನಾ ಬಾಯಾಗ ನೀರ ಹಾಕ್ಕೊಂಡ ಕುಂತೇನಿ? ನಾ ಹೆಂತಾ ಮಗನ್ನ ಹಡದೇನಿ?"

"ಅಯ್ಯ, ಅದು ನಿಮಗಲ್ಲರಿ! ಕೋಟಿನವನ ಅಪ್ಪಗ ಕೇಳಿದ್ದು."

"ಕೋಟಿನವನ ಹೆಸರ ಹೇಳಿ ನಮ್ಮ ಪರಮಾನಂದಗ ಬೈದಿ. ನಮಗ ತಿಳಿಯಾಂಗಿಲ್ಲೇನು? ಫ್ರಿಜ್ಜಿನ ಸುದ್ದಿ ನಿನಗ ಯಾರ ಹೇಳಿದ್ರು, ಅದನ್ನಷ್ಟ ಹೇಳ. ಜಮಖಂಡ್ಯಾಗ ಅಂವ ಅಕಿ ಮನಿಗಿ ಫ್ರಿಜ್ಜ ಕಳಿಸಿ ಇನ್ನ ಹದಿನೈದ ದಿನಾ ಆಗಿಲ್ಲ, ಆಗಲೇ ನೀ..."

ಚನಮಲ್ಲಪ್ಪ ಅಲ್ಲಿಗೇ ನಿಂತ. ಆದರೆ ಬಾಯಿಂದ ಬೀಳಬೇಕಾದದ್ದು ಬಿದ್ದಾಗಿತ್ತು. ಸಿದ್ದಕ್ಕ ತಂಬಿಗೆ ಕೆಳಗಿಟ್ಟಳು.

"ಯಾರ ಮನಿಗಿ?" ಎಂದು ಕೇಳಿದಳು.

ಅವನು ಹಿರಿಯರನ್ನು ಕರೆದುಕೊಂಡು ಬರುವೆ, ಆಗ ಮಾತು ಎನ್ನುತ್ತ ಗಾಡಿಗೆ ಕಾಲು ಕೊಟ್ಟ. ಗಾಡಿ ಮೂರು ಸಲ ಒದ್ದರೂ ಚಾಲೂ ಆಗಲಿಲ್ಲ. ತಳ್ಳಿಕೊಂಡೇ ಓಣಿ ದಾಟಿದ.

ಸಿದ್ದಕ್ಕ ಒಳಗೆ ಬಂದಳು. ಮಾಲಾ ಒಲೆಯ ಮುಂದೆ ಕುಳಿತಿದ್ದಳು. ಎಲ್ಲವೂ ಕೇಳಿಸಿತ್ತೆಂದು ಮುಖವೇ ಹೇಳುತ್ತಿತ್ತು.

"ಯಾವಾಗಿಂದ?"

"ಎರಡ ವರ್ಷಾತು."

"ನಿಮ್ಮ ಅತ್ತಿ ಮಾವಗ ಗೊತ್ತಿತ್ತು?"

"ಅವರ ಕೈಲೇನ ಊಟದ ಡಬ್ಬಿ ಕಟ್ಟಸಾಂವ. ಅಂಗಡಿಗೆ ಅಂತ ಕಟ್ಟೂದು, ಹೋಗೂದು ಅಕಿ ಮನಿಗಿ. ಇಬ್ಬರ ಡಬ್ಬಿ."

"ನನಗ್ಯಾಕ ಹೇಳಲಿಲ್ಲ ಬೇ, ಮೂಳಿ? ಇಷ್ಟ ದಿನಾ ಕಲ್ಲ ನುಂಗಿದಂಗ ಯಾಕ ಕುಂತಿ?"

ಮಾಲಾ ಮೊದಲ ಸಲ ತಾಯಿಯನ್ನು ನೇರವಾಗಿ ನೋಡಿದಳು. "ಹೇಳಾಕಂತಽ ಬಂದಿದ್ದೆ. ಪಂಚಮಿ ದಿನಾ ಸಂಜಿಮುಂದ ನಿನ್ನ ಬಾಜೂಕ ಕುಂತ, ಯವ್ವಾ ಒಂದ ಮಾತೈತಿ ಅಂದೆ. ತಡಿಯ, ಅಳಬುರುಕಿಗಿ ಇವತ್ತ ಗೊತ್ತಾಗತೈತಿ ಅಂದಿ ನೀ."

"ಅಡ್ವಟೈಸ್ ಬಂದಾಗ ಹೇಳಬೇಕಿಲ್ಲ?"

"ಅಡ್ವಟೈಸ್ ಬಂದಾಗ ಶಿವವ್ವಕ್ಕ ಬಂದ್ಲು. ಆಮ್ಯಾಲ ಮುಂಜಾನೆದ್ದ ನೀ ನನ್ನ ಹೋಗ ಹೋಗ ಅನ್ನಾಕ ಹತ್ತಿದಿ. ಟೀವ್ಯಾಗಿನಾಕಿಗಿ ಬಿಟ್ಟ ಬಾ ಅಂತೀದಿ, ನನಗ ಹೋಗ ಅಂತೀದಿ. ಯಾವದ ಖರೆ ಅಂತ ತಿಳೀಲಿ ನಾ?"

ಸಿದ್ದಕ್ಕನಿಗೆ ನಾಚಿಕೆಯಾಯಿತು. ಅಂಥ ನಾಚಿಕೆ ಅವಳಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಮಗಳನ್ನು ಆ ಮನೆಗೆ ತಾನೇ ನೂಕಲು ನಿಂತಿದ್ದಳು.

"ತಪ್ಪಾತವ್ವ ನಂದು," ಎಂದಳು. ಗಂಡನಿಗೂ ಒಮ್ಮೆಯೂ ಹೇಳದ ಮಾತು ಅದು. ಆಮೇಲೆ ಮಗಳ ಪಕ್ಕದಲ್ಲಿ ಕುಳಿತು, ಅವಳು ಅತ್ತು ಮುಗಿಸುವ ತನಕ ಒಲೆಗೆ ಕಟ್ಟಿಗೆ ಸರಿಸುತ್ತಿದ್ದಳು.

ಮಧ್ಯಾಹ್ನದ ಊಟದಲ್ಲಿ ಸುದ್ದಿ ಎಲ್ಲರಿಗೂ ತಿಳಿಯಿತು. ಗಿರಮಲ್ಲಪ್ಪ ಕೈ ತೊಳೆದುಕೊಂಡು ಎದ್ದ, ಆ ಹೊತ್ತು ಉಣ್ಣಲಿಲ್ಲ. ಗುರುಪಾದನಿಗೂ ಸಂಕಟವಾಗಿತ್ತು, ಆದರೆ ಅವನ ಸಂಕಟ ಸುತ್ತಿ ಸುತ್ತಿ ಫೋನಿನ ಮೇಲೆ ಬಂದು ಕುಳಿತಿತು.

"ಪೂನಮ್, ಮೊದಲ ಆ ವಿಡಿಯೋ ತಗಿ. ಹಿರೇರು ಬರೂದ್ರಾಗ ತಗದಿರಬೇಕು."

"ತಗಿಯಾಂಗಿಲ್ಲರಿ."

"ಏನಂದಿ?"

"ಅತ್ತಿ ತಗಿ ಅಂದ್ರ ತಗೀತೇನಿ. ನೀವ ಅಂದ್ರ ಇಲ್ಲ."

"ನನಗ ಊರಾಗ ಮಾರಿ ತೋರಸಾಕ ಆಗವಲ್ದು!"

"ಮಾರಿ ಮುಚಗೋಬೇಕಾದಾಂವ ಜಮಖಂಡ್ಯಾಗ ಅಂಗಡಿ ತಗದ ಆರಾಮ ಕುಂತಾನ. ನೀವ್ಯಾಕ ಮುಚಗೋತೀರಿ?"

ಗುರುಪಾದ ತಾಯಿಯ ಕಡೆ ನೋಡಿದ. ಅವಳು ತನ್ನ ಪರ ಬಂದಾಳೆಂದು ಇನ್ನೂ ಆಸೆಯಿತ್ತು. ಸಿದ್ದಕ್ಕ ಸೊಸೆಯ ತಾಟಿಗೆ ಇನ್ನೊಂದು ಸೌಟು ಪುಂಡಿಪಲ್ಯ ಹಾಕಿದಳು. ಅದೇ ಉತ್ತರವಾಯಿತು.

ಆ ವಾರವೆಲ್ಲ ಟೀವಿ ಹಚ್ಚಲಿಲ್ಲ. ಏಳೂವರೆಗೆ ಬಂದ ಶಿವವ್ವ ಕಪ್ಪು ಗಾಜು ನೋಡಿ ಗಾಬರಿಯಾದಳು. "ಕೋಟಿನವ ಸಿಕ್ಕ ಬೀಳ್ತಾನಂತ ಇವತ್ತ," ಎಂದು ಆಸೆ ಹಚ್ಚಿದಳು. ಸಿದ್ದಕ್ಕ "ಬೀಳ್ಲಿ" ಎಂದು ಅಷ್ಟೇ ಹೇಳಿ ಶೇಂಗಾ ಸುಲಿದಳು. ಮಾಲಾ ಪಕ್ಕದಲ್ಲಿ ಕುಳಿತು ನಾಲ್ಕು ವರ್ಷದ್ದನ್ನು ಸ್ವಲ್ಪ ಸ್ವಲ್ಪವೇ ಹೇಳಿದಳು. ನಡುವೆ ಒಮ್ಮೆಯೂ ತಾಯಿ ಬಾಯಿ ಹಾಕಲಿಲ್ಲ. ಅದು ಅವಳಿಗೆ ಸುಲಭವಾಗಿರಲಿಲ್ಲ. ತುಟಿ ಕಚ್ಚಿಕೊಂಡು ಕೂತಿದ್ದಳು.

ಭಾನುವಾರ ಬೆಳಿಗ್ಗೆ ಜೀಪು ಬಂತು. ಚನಮಲ್ಲಪ್ಪ, ಅವನ ಮಗ ಪರಮಾನಂದ, ಜತೆಗೆ ಎರಡೂ ಊರಿನವರು ಮಾತು ಕೇಳುವ ಹಿರಿಯ ಮಲಕಾಜಪ್ಪ. ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಲಾಯಿತು. ಇಂಥ ಕೂಟಗಳಲ್ಲಿ ಹೆಣ್ಣುಮಕ್ಕಳು ಒಳಬಾಗಿಲ ಹಿಂದೆ ನಿಂತು ಕೇಳುವುದು ರೂಢಿ. ಅಂದು ಆರೋಪ ಸಿದ್ದಕ್ಕನ ಮೇಲೇ ಇದ್ದುದರಿಂದ ಅವಳನ್ನು ಹೊರಗೆ ಕರೆದು ಕೂರಿಸಿದರು. ಶಿವವ್ವನ ಜತೆ ಓಣಿಯ ಅರ್ಧ ಹೆಂಗಸರು ಹಿತ್ತಲ ಬಾಗಿಲಿಂದ ಬಂದು ಒಳಗೆ ತುಂಬಿಕೊಂಡರು.

ಚನಮಲ್ಲಪ್ಪ ಈ ಸಲ ತಯಾರಾಗಿ ಬಂದಿದ್ದ. ಫ್ರಿಜ್ಜಿನ ಮಾತು ಸಿಟ್ಟಿನಲ್ಲಿ ಬಂದದ್ದು, ಅದು ಅಂಗಡಿಯ ಗಿರಾಕಿಯೊಬ್ಬಳದು, ಮಗ ಸಾಗಿಸಿ ಕೊಟ್ಟನಷ್ಟೇ ಎಂದ. ಬೀಗತಿ ಮಾತ್ರ ಬೇಕೆಂದೇ ಟೀವಿಯ ನೆಪ ಮಾಡಿ ತಮ್ಮ ಮನೆತನದ ಮಾನ ಕಳೆದಳು. ವಿಡಿಯೋ ತೆಗೆಯಬೇಕು, ತಪ್ಪಾಯಿತೆಂದು ಇನ್ನೊಂದು ವಿಡಿಯೋ ಹಾಕಬೇಕು, ಮಗಳನ್ನು ಇವತ್ತೇ ಕಳಿಸಬೇಕು.

"ಸುಳ್ಳ ಅಂದ್ರ ಭಂಡಾರ ಮುಟ್ಟಿ ಹೇಳ್ಲಿ," ಎಂದು ಅಂಗಿಯ ಕಿಸೆಯಿಂದ ಚೀಲ ತೆಗೆದು ತಾಟಿಗೆ ಸುರಿದ.

ಬೀರಪ್ಪನ ಗುಡಿಯ ಅರಿಶಿನ ಅದು. ಹಾಲುಮತದವರ ಮನೆಗಳಲ್ಲಿ ಬೇರೆ ಎಂಥ ಸುಳ್ಳು ನಡೆದರೂ ಭಂಡಾರ ಮುಟ್ಟಿ ಸುಳ್ಳು ನಡೆಯುವುದಿಲ್ಲ. ಸಿದ್ದಕ್ಕ ಹಿಂದೆ ಸರಿಯುತ್ತಾಳೆ, ಅಲ್ಲಿಗೆ ಮುಗಿಯುತ್ತದೆ ಎಂದು ಅವನು ಲೆಕ್ಕ ಹಾಕಿದ್ದ. ಹೆಂಗಸು ಬೇಕೆಂದೇ ಬೈದಿದ್ದಾಳೆಂದು ಅವನಿಗೆ ಅಷ್ಟು ಖಾತ್ರಿಯಿತ್ತು.

ಸಿದ್ದಕ್ಕ ಸೆರಗು ತಲೆ ಮೇಲೆ ಎಳೆದುಕೊಂಡಳು. ಭಂಡಾರದಲ್ಲಿ ಐದೂ ಬೆರಳು ಊರಿ ಹಣೆಗೆ ಬಳಿದುಕೊಂಡಳು.

"ಬೀರಪ್ಪನ ಆಣಿ. ಆ ದಿನಾ ನಾ ಬೈದದ್ದು ಟೀವ್ಯಾಗಿನ ಕೋಟಿನವಗ. ನನ್ನ ಅಳಿಯಾನ ಸುದ್ದಿ ನನಗ ಗೊತ್ತಿದ್ದಿಲ್ಲ. ಗೊತ್ತಿದ್ದಿದ್ರ ಕೋಟಿನವಗ ಅಷ್ಟ ಹೊತ್ತ ಬೈಕೋಂತ ಕುಂದರ್ತಿದ್ದಿಲ್ಲ."

ಒಳಗಿನಿಂದ ಯಾರೋ ಕಿಸಕ್ಕೆಂದರು. ಮಲಕಾಜಪ್ಪ ಕೆಮ್ಮಿದ. ಸಿದ್ದಕ್ಕ ತಾಟನ್ನು ಎರಡೂ ಕೈಯಿಂದ ಅಳಿಯನ ಮುಂದೆ ಸರಿಸಿದಳು.

"ಈಗ ಅಳಿಯಾರು ಮುಟ್ಲಿ. ಜಮಖಂಡ್ಯಾಗ ನನಗ ಯಾರೂ ಇಲ್ಲ, ಇಷ್ಟ ಅನ್ಲಿ. ವಿಡಿಯೋ ಈಗಿಂದೀಗ ತಗಸ್ತೇನಿ. ನಾಕೂ ತಾಲೂಕಿಗಿ ಕೇಳುವಂಗ ಮಾಫಿ ಕೇಳ್ತೇನಿ. ನನ್ನ ಮಗಳನ್ನ ನಾನಽ ಕರಕೊಂಡ ಬಂದ ಬಿಡ್ತೇನಿ."

ಎಲ್ಲರೂ ಪರಮಾನಂದನ ಕೈ ನೋಡಿದರು. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಕೈ ಮುಂದೆ ತಂದ. ತಾಟಿನ ಹತ್ತಿರ ಬರುತ್ತಲೇ ಅದು ತಿರುಗಿ ಅವನ ಮೀಸೆಯ ಕಡೆ ಹೋಯಿತು.

"ಈಗಿನ ಕಾಲದಾಗ ಇದೇನ ಭಂಡಾರ ಗಿಂಡಾರ ಹಚ್ಚೀರಿ?"

"ತಂದವರು ನೀವು," ಎಂದ ಗಿರಮಲ್ಲಪ್ಪ. ಅಂದು ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು.

ಗುರುಪಾದ ಅಷ್ಟು ಹೊತ್ತು ಗೋಡೆಗೆ ಆತು ನಿಂತವನು, ಬಂದು ತಾಯಿಯ ಹಿಂದೆ ಕುಳಿತ. ಯಾವುದು ಸತ್ಯವೆಂದು ಈಗ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಹೇಳಬೇಕಾದದ್ದು ಮಾಲಾ ಹೋಗಬೇಕೋ ಬೇಡವೋ ಎಂಬುದು. ಅದನ್ನು ಹೇಳುವ ಹಕ್ಕು ತನ್ನದೆಂದು ಮಲಕಾಜಪ್ಪ ತಿಳಿದಿದ್ದ. ತಂಬಾಕಿನ ಚೀಲ ಕಟ್ಟಿ ಕಿಸೆಗಿಟ್ಟು ಸಮಾಧಾನದಿಂದ ಶುರು ಮಾಡಿದ.

"ಆತಪಾ. ಹುಡುಗ ತಪ್ಪ ಮಾಡ್ಯಾನ, ಇಲ್ಲ ಅನ್ನಾಂಗಿಲ್ಲ. ನಾವೆಲ್ಲಾ ಕೂಡಿ ಬುದ್ಧಿ ಹೇಳೂನು, ಬಿಡ್ತಾನ. ಹಂಗಂತ ಹೆಣ್ಣಮಗಳು ತವರಮನ್ಯಾಗ ಕುಂತ್ರ ಹೆಂಗ? ಸಿದ್ದಕ್ಕ, ನಮ್ಮ ಮನ್ಯಾಗೂ ಆ ಧಾರಾವಾಹಿ ನೋಡ್ತಾರ. ನಿನ್ನಿ ಏನಾತು ಗೊತ್ತೈತಿಲ್ಲೋ? ಅಂವ ಒಂದ ಮಾತ ತಪ್ಪಾತ ಅಂದ. ಸಿಟ್ಟಾಗಿ ತವರಿಗಿ ಹೋಗಿದ್ದ ಆ ಹುಡಿಗಿ ಎಲ್ಲಾ ಮರತ ಪೆಟಗಿ ತಗೊಂಡ ಗಂಡನ ಮನಿಗಿ ನಡದ್ಲು. ನೋಡಿದವರ ಕಣ್ಣಾಗ ನೀರ ಬಂತು. ಹೆಣ್ಣಂದ್ರ ಹಂಗಿರಬೇಕು. ನಿನ್ನ ಮಗಳಿಗೂ ಅಷ್ಟ ಹೇಳ."

ಒಳಗೆ ಗುಸುಗುಸು ಎದ್ದಿತು. ಅಳಬುರುಕಿ ಹಿಂದಕ್ಕೆ ಹೋದ ಸುದ್ದಿ ಸಿದ್ದಕ್ಕನಿಗೆ ಹೊಸದು. ಬೇರೆ ದಿನವಾಗಿದ್ದರೆ ಅದೊಂದಕ್ಕೇ ಅರ್ಧ ಗಂಟೆ ಬೈಯುತ್ತಿದ್ದಳು. ಈಗಲೂ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲ ಹೆಂಗಸರನ್ನು ಸರಿಸಿಕೊಂಡು ಮಾಲಾ ಪಡಸಾಲೆಗೆ ಬಂದಳು. ಯಾರೂ ಕರೆದಿರಲಿಲ್ಲ. ಕಂಬಳಿಯ ಅಂಚಿನಲ್ಲಿ ಮಲಕಾಜಪ್ಪನ ಎದುರಿಗೇ ನಿಂತಳು. ಸಿದ್ದಕ್ಕ ಬಾಯಿ ಮುಚ್ಚಿದಳು.

"ಅಕಿ ಹೋಗ್ಲಿ ಬಿಡ್ರಿ ಕಾಕಾ," ಎಂದಳು ಮಾಲಾ. ದನಿ ಎಲ್ಲರಿಗೂ ಕೇಳಿಸುವಷ್ಟು ದೊಡ್ಡದಿತ್ತು. "ಹಂಗ ಹೋಗಾಕಂತಽ ಅಕಿಗಿ ಪಗಾರ ಕೊಡ್ತಾರ. ಅತ್ತಿದ್ದಕ್ಕೂ ಕೊಡ್ತಾರ, ಗಂಡನ್ನ ಮಾಫ ಮಾಡಿದ್ದಕ್ಕೂ ಕೊಡ್ತಾರ. ಸಂಜಿಗಿ ಸೀರಿ ಕಳದಿಟ್ಟ ತನ್ನ ಮನಿಗಿ ಹೋಗಿ ಮಕ್ಕೋತಾಳ. ನಾ ಅಲ್ಲೇ ಇರಬೇಕರಿ, ಹಗಲೂ ರಾತ್ರಿ. ನನಗ ಯಾರ ಏನ ಕೊಡ್ತಾರಂತ ಹೋಗ್ಲಿ?"

ಮಲಕಾಜಪ್ಪ ತಂಬಾಕಿನ ಚೀಲವನ್ನು ಮತ್ತೆ ಕಿಸೆಯಿಂದ ತೆಗೆದ.

"ಎಲ್ಲಾರಿಗೂ ಕೇಳುವಂಗ ಹೇಳ್ತೇನಿ. ನಾ ಬರಾಂಗಿಲ್ಲ. ಇವತ್ತೂ ಇಲ್ಲ, ಬರೂ ಪಂಚಮಿಗೂ ಇಲ್ಲ."

ಒಳಗಿನ ಹೆಂಗಸರು ಈ ಸಲ ನಗಲಿಲ್ಲ. ಪೂನಮ್ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಮಾಲಾಳ ಪಕ್ಕ ನಿಂತಳು. ಪರಮಾನಂದ ಎಲ್ಲರಿಗಿಂತ ಮೊದಲು ಎದ್ದು ಜೀಪಿನ ಕಡೆ ನಡೆದ. ಚನಮಲ್ಲಪ್ಪ ಚಪ್ಪಲಿ ಹುಡುಕುತ್ತ, ಯಾರ ಮುಖವನ್ನೂ ನೋಡದೆ ಗೊಣಗತೊಡಗಿದ.

ಮನೆಗೆ ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸುವ ರೂಢಿ ಆ ಮನೆಯಲ್ಲಿರಲಿಲ್ಲ. ಸಿದ್ದಕ್ಕ ಎದ್ದು ಬಾಗಿಲವರೆಗೆ ಹೋದಳು. ಹಣೆಯ ಅರಿಶಿನ ಬೆವರಿಗೆ ಮೂಗಿನ ಮೇಲೆ ಇಳಿದಿತ್ತು.

"ರೊಟ್ಟಿ ಆಗ್ಯಾವ. ಉಂಡ ಹೋಗ್ರಿ ಬೀಗರ."

"ನಿಮ್ಮ ಮನ್ಯಾಗ ಇನ್ನ ಮ್ಯಾಲ ಒಂದ ಹನಿ ನೀರ ಸೈತ ಮುಟ್ಟಾಂಗಿಲ್ಲ ನಾವು!"

"ಹಂಗಾದ್ರ ಛಲೋ ಆತು," ಎಂದಳು ಸಿದ್ದಕ್ಕ. "ನಿಮ್ಮ ಪಾಲಿನವು ಉಳದ್ವು. ನನ್ನ ಮಗಳು ಉಣ್ತಾಳ."